ಜಗನ್ನಾಥನ ಜೈಲೂಟದ ಬಿಲ್ಲು

ಅಮೆರಿಕದ ಪ್ಲೆಸೆಂಟನ್ ಊರಿನ ಜಗನ್ನಾಥ ಬಾಯಿ ಬಿಟ್ಟರೆ ಸಾಕು, ಜನ ನಗುತ್ತಿದ್ದರು. ಮೈಸೂರಿನವನು. ಕನ್ನಡ ಕೂಟದ ಕಾರ್ಯಕ್ರಮಗಳಿಗೆಲ್ಲ ಅವನದೇ ನಿರೂಪಣೆ. ನಾಟಕ ಎಷ್ಟು ತಡವಾದರೂ ಯಾರೂ ಎದ್ದು ಹೋಗುತ್ತಿರಲಿಲ್ಲ, ಮೈಕು ಇವನ ಕೈಯಲ್ಲಿರುತ್ತಿತ್ತಲ್ಲ! ಅಂಥವನು ಆಫೀಸಿನ ಕೆಲಸಕ್ಕೆಂದು ಬೇರೊಂದು ರಾಜ್ಯಕ್ಕೆ ಹೋದಾಗ ಪೊಲೀಸರು ಹಿಡಿದರು. ಅಲ್ಲಿನ ಅಂಗಡಿಯೊಂದನ್ನು ದೋಚಿದವನು ಇವನೇ ಎಂದು ಯಾರೋ ಬೆರಳು ತೋರಿಸಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು. ಮೂರು ವರ್ಷ ಒಳಗಿದ್ದ ಮೇಲೆ ನಿಜವಾದ ಕಳ್ಳ ಸಿಕ್ಕಿಬಿದ್ದ. ಇವನು ನಿರಪರಾಧಿ ಎಂದು ಕೋರ್ಟು ಬಿಟ್ಟು ಕಳಿಸಿತು.

ಮನೆಗೆ ಬಂದ. ಅಲ್ಲಿ ಶುರುವಾಯಿತು ನೋಡಿ ಉಪಚಾರ. ಹೆಂಡತಿ ರಮಾ ಹೊತ್ತು ಹೊತ್ತಿಗೆ ಬಿಸಿಬಿಸಿಯಾಗಿ ಬಡಿಸುವಳು. ಉಂಡ ತಟ್ಟೆ ಎತ್ತಲು ಹೋದರೆ ಕೈಯಿಂದ ಕಿತ್ತುಕೊಳ್ಳುವಳು. ಹೈಸ್ಕೂಲಿಗೆ ಹೋಗುವ ಮಗಳು ಇಂಚರಾ ಹಿಂದೆ ಎಲ್ಲದಕ್ಕೂ ಅಪ್ಪನ ಜೊತೆ ಜಗಳ ಆಡುತ್ತಿದ್ದವಳು, ಈಗ ಕಾಫಿ ಬೇಕಾ ಎಂದು ವಿನಯವಾಗಿ ಕೇಳಿ ರೂಮು ಸೇರುವಳು. ಜೈಲಿನ ಮಾತನ್ನು ಇಬ್ಬರೂ ಎತ್ತರು. ಇವನು ಜೋಕು ಹೇಳಿದರೆ ತಾಯಿ ಮಗಳು ಮುಖ ಮುಖ ನೋಡಿಕೊಂಡು, ಪಾಪ ಅನ್ನುವ ಹಾಗೆ ಚೂರು ನಗುವರು. ಅಯ್ಯೋ, ಆ ನಗುವಿಗಿಂತ ಬೈಗುಳ ವಾಸಿ. ಸ್ವಂತ ಮನೆಯಲ್ಲಿ ಹೀಗೇ ನೆಂಟನಾಗಿ ಉಳಿದುಬಿಟ್ಟರೆ ಏನು ಗತಿ ಎಂದು ಜಗನ್ನಾಥನಿಗೆ ದಿಗಿಲು ಹತ್ತಿತು.

ಹೀಗಿರುವಾಗ ಒಂದು ಸಂಜೆ ಆ ರಾಜ್ಯದ ಸರ್ಕಾರದಿಂದ ಕಾಗದ ಬಂತು. ಪರಿಹಾರ ಕೊಡುತ್ತಾರಂತೆ. ಆದರೆ ಅದರಲ್ಲಿ ಜೈಲಿನ ಊಟ, ವಸತಿಯ ಖರ್ಚು ಮುರಿದುಕೊಳ್ಳುತ್ತಾರಂತೆ. ಹೊರಗಿದ್ದಿದ್ದರೂ ಊಟಕ್ಕೆ, ಬಾಡಿಗೆಗೆ ಖರ್ಚಾಗುತ್ತಿತ್ತು, ಅದು ಉಳಿಯಿತಲ್ಲ ಎಂಬುದು ಅವರ ವಾದ. ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ! ಕಟ್ಟಿಹಾಕಿದವನೇ ಬಂದು ಹಗ್ಗದ ದುಡ್ಡು ಕೇಳಿದ ಹಾಗೆ.

ರಮಾ ಸೌಟು ಹಿಡಿದುಕೊಂಡೇ ಓದಿದಳು. ಇಷ್ಟು ವರ್ಷ ನುಂಗಿಕೊಂಡಿದ್ದ ಸಿಟ್ಟೆಲ್ಲ ಒಮ್ಮೆಗೇ ನೆತ್ತಿಗೇರಿತು.

"ಅಂಥಾದ್ದೇನ್ ಬಡಿಸಿದ್ರು ರೀ ಅವರು? ಹೇಳಿ, ಏನ್ ಹಾಕಿದ್ರು ನಿಮಗೆ?"

ಜೈಲಿನ ಬಗ್ಗೆ ಆ ಮನೆಯಲ್ಲಿ ಯಾರಾದರೂ ಕೇಳಿದ್ದು ಅದೇ ಮೊದಲು. ಜಗನ್ನಾಥ ಎದ್ದು ನಿಂತ. ಅವಳ ಕೈಯಿಂದ ಸೌಟು ಇಸಿದುಕೊಂಡು ಮೈಕಿನ ಹಾಗೆ ಹಿಡಿದ. ಬಂಧುಗಳೇ, ಭಗಿನಿಯರೇ ಎಂದು ಗಂಟಲು ಸರಿಮಾಡಿಕೊಂಡು ಶುರುಮಾಡಿದ. ತಟ್ಟೆ ಬೋರಲು ಹಾಕಿದರೂ ಬೀಳದ ಅನ್ನದ ಮಹಿಮೆ ಹೇಳಿದ. ಸೋಮವಾರದಿಂದ ಭಾನುವಾರದವರೆಗೆ ಒಂದೇ ಬೀನ್ಸು ಹೇಗೆ ಬೇರೆ ಬೇರೆ ಹೆಸರಿನಲ್ಲಿ ಬರುತ್ತಿತ್ತೆಂದು ಹೇಳಿದ. ಮೇಲಿನ ಮಂಚದವನ ಗೊರಕೆಯ ಕಛೇರಿ ಬಿಟ್ಟಿ ಅಂದುಕೊಂಡಿದ್ದೆ, ಅದಕ್ಕೂ ಟಿಕೆಟ್ಟು ಹಾಕಿದಾರೆ ಎಂದ. ಆ ಗೊರಕೆಯನ್ನು ಆಲಾಪನೆ ಸಮೇತ ಹೊಡೆದು ತೋರಿಸುವಾಗ ಇಂಚರಾ ರೂಮಿನಿಂದ ಹೊರಗೆ ಬಂದಳು. ನಗು ತಡೆಯಲಾರದೆ ಸೋಫಾದ ಮೇಲೆ ಬಿದ್ದು ಹೊರಳಿದಳು. ಹಾಗೇ ಅಳು ಬಂತು.

"ವರ್ ಯು ಸ್ಕೇರ್ಡ್, ಅಪ್ಪಾ?"

"ಹೂಂ ಪುಟ್ಟಿ. ದಿನಾ ಹೆದರಿಕೆ ಆಗ್ತಿತ್ತು."

ಅವಳು ಬಂದು ಅವನ ಹೆಗಲಿಗೆ ಮುಖ ಒತ್ತಿ ಸುಮಾರು ಹೊತ್ತು ನಿಂತಳು. ರಮಾ ಆ ಕಾಗದದಿಂದಲೇ ಗಾಳಿ ಬೀಸಿಕೊಳ್ಳುತ್ತಾ ಲಾಯರಿಗೆ ಫೋನು ಮಾಡಿ, ಒಂದು ಕಾಸೂ ಬಿಡಬೇಡಿ, ಕೇಸು ಹಾಕಿ ಎಂದಳು. ಆ ಕೇಸು ಇನ್ನೂ ನಡೆಯುತ್ತಿದೆ, ನಡೆಯಲಿ.

ಇಂಚರಾ ಮೂಗು ಒರೆಸಿಕೊಂಡಳು. "ನಾಳೆ ಟ್ರ್ಯಾಶ್ ಡೇ. ಮೂರು ವರ್ಷ ಕಸದ ಡಬ್ಬ ನಾನೇ ಹೊರಗಿಟ್ಟಿದೀನಿ. ನೌ ಇಟ್ಸ್ ಯುವರ್ ಟರ್ನ್, ಅಪ್ಪಾ."

ರಮಾ ಬೇಡ ಅನ್ನಲು ಬಾಯಿ ತೆರೆದವಳು, ಅವನ ಕೈಯಿಂದ ಸೌಟು ವಾಪಸು ಕಿತ್ತುಕೊಂಡು ಒಲೆಯ ಕಡೆ ತಿರುಗಿದಳು.

ಜಗನ್ನಾಥ ಚಪ್ಪಲಿ ಕೂಡ ಹಾಕದೆ ಓಡಿದ. ಕಸದ ದೊಡ್ಡ ಡಬ್ಬವನ್ನು ಗಡಗಡ ಎಳೆದುಕೊಂಡು ರಸ್ತೆ ಬದಿಗೆ ತಂದು ನಿಲ್ಲಿಸಿದ. ಸರಿಯಾಗಿ ನಿಂತಿಲ್ಲ ಎಂದು ಮತ್ತೆ ಎಳೆದು ನಿಲ್ಲಿಸಿದ. ಹುಲ್ಲಿಗೆ ನೀರು ಬಿಡುತ್ತಿದ್ದ ಪಕ್ಕದ ಮನೆಯವರಿಗೆ ಕೈ ಬೀಸಿದ. ಅಷ್ಟರಲ್ಲಿ ಬಾಗಿಲಿನಿಂದ ರಮಾ ಕೂಗಿದಳು.

"ಸಾರು ಆರ್ತಾ ಇದೆ ರೀ! ನೀವು ಬಂದಾಗ ಬಡಿಸೋಕೆ ಇದೇನು ಹೋಟ್ಲು ಅನ್ಕೊಂಡ್ರಾ?"

ಜಗನ್ನಾಥನ ಕಣ್ಣು ತುಂಬಿ ಬಂತು.

"ಬಂದೆ ಕಣೇ," ಎಂದು ಮನೆಯೊಳಕ್ಕೆ ನಡೆದ.