ನಾನು ಉಪವಾಸವೆಂದುಕೊಂಡದ್ದು

ಬೂದಿ ಬುಧವಾರದ ಮರುದಿನ ಮೊನಿಕಾ ರೊಟ್ಟಿ ಬಿಟ್ಟಳು. ಒಂದು ವಾರ ಕಳೆದ ಮೇಲೆ ಅನ್ನವನ್ನೂ ಬಿಟ್ಟು ಗಂಜಿಗೆ ಇಳಿದಳು. ನಾನು ಖುಷಿಪಟ್ಟೆ.

ಹೌದು, ಖುಷಿಪಟ್ಟೆ. ಬರೆಯಲು ಕೂತ ಮೇಲೆ ಸುಳ್ಳು ಬೇಡ.

ಹೊನ್ನಾವರದಲ್ಲಿ ನನ್ನದು ಟೇಲರ್ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಮೊನಿಕಾ, ಹೈಸ್ಕೂಲಿಗೆ ಹೋಗುವ ಮಗಳು ರೀಟಾ, ನಾನು. ಮನೆಯ ಮಾತು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈಸ್ಟರಿಗೆ ಮುಂಚಿನ ನಲವತ್ತು ದಿನ ನಮ್ಮವರೆಲ್ಲ ದೇವರಿಗೆಂದು ಏನಾದರೊಂದು ಬಿಡುತ್ತಾರೆ. ನಾನು ಬೀಡಿ ಬಿಡುತ್ತೇನೆ, ನಾಲ್ಕನೇ ದಿನ ಮತ್ತೆ ಹಿಡಿಯುತ್ತೇನೆ. ಮೊನಿಕಾ ಹಾಗಲ್ಲ. ಅವಳು ಬಿಟ್ಟಳೆಂದರೆ ಬಿಟ್ಟಳು.

"ಅಮ್ಮನನ್ನು ನೋಡಿ ಕಲಿ" ಎಂದು ರೀಟಾಗೆ ಹೇಳಿದೆ. ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಾಲ್ಕು ಜನರೆದುರು ಹೆಂಡತಿಯ ಭಕ್ತಿಯನ್ನು ಕೊಚ್ಚಿಕೊಂಡೆ. ಮೊನಿಕಾ ಸೆರಗು ಹೊದ್ದು ನೆಲ ನೋಡುತ್ತ ನಿಂತಿದ್ದಳು. ಅದನ್ನು ವಿನಯ ಎಂದುಕೊಂಡೆ.

ಆ ನಲವತ್ತು ದಿನದಲ್ಲಿ ಅವಳ ರವಿಕೆಯನ್ನು ಎರಡು ಸಲ ಹಿಡಿದು ಹೊಲಿದೆ. ಮೊದಲು ಬಗಲಿನಲ್ಲಿ ಅರ್ಧ ಇಂಚು. ಆಮೇಲೆ ಮುಕ್ಕಾಲು. ಇಪ್ಪತ್ತೈದು ವರ್ಷದಿಂದ ಟೇಪು ಕೊರಳಿಗೆ ಹಾಕಿಕೊಂಡವನು ನಾನು. ಊರಿನಲ್ಲಿ ಯಾರಿಗೆ ಹೊಟ್ಟೆ ಬಂದಿದೆ, ಯಾರ ಭುಜ ಇಳಿದಿದೆ ಎಂದು ಕಣ್ಣಳತೆಯಲ್ಲೇ ಹೇಳುತ್ತೇನೆ. ನನ್ನ ಹೆಂಡತಿ ನನ್ನ ಸೂಜಿಯ ಕೆಳಗೇ ಕರಗುತ್ತಿದ್ದಳು, ನಾನು ಹಾಡು ಗುನುಗುತ್ತ ಹೊಲಿಯುತ್ತಿದ್ದೆ.

ಮೊದಲು ಕಂಡದ್ದು ಮೀನು ಮಾರುವ ದೇವಮ್ಮನಿಗೆ. ಬುಟ್ಟಿ ಇಳಿಸಿ ಅಂಗಡಿಗೇ ಬಂದಳು.

"ಟೇಲರ್ರೇ, ಮೊನಿಕಾಬಾಯಿಯೋರಿಗೆ ಎಂತ ಆತು? ಇದು ಉಪಾಸದ ಸೊರಗು ಅಲ್ಲ. ನೀರು ಕುಡೀವಾಗೂ ಎದೆ ಹಿಡ್ಕಂತ್ರು. ನೀವು ನೋಡ್ಲಿಲ್ವ?"

"ನಮ್ಮ ವ್ರತ ನಿಂಗೆ ಗೊತ್ತಾಗೂದಿಲ್ಲ ದೇವಮ್ಮ" ಎಂದು ನಕ್ಕುಬಿಟ್ಟೆ.

ಈಸ್ಟರಿನ ಬೆಳಿಗ್ಗೆ ಮೊನಿಕಾ ಇಡ್ಲಿಯಂಥ ಸಾನ್ನಾ ಬೇಯಿಸಿದಳು, ಹಂದಿಮಾಂಸದ ಸಾರು ಮಾಡಿದಳು. ನಮ್ಮ ಒತ್ತಾಯಕ್ಕೆ ಒಂದು ಚೂರು ಸಾನ್ನಾ ಬಾಯಿಗಿಟ್ಟಳು. ಮರುಗಳಿಗೆ ಎದೆ ಹಿಡಿದುಕೊಂಡು ಹಿತ್ತಲಿಗೆ ಓಡಿದಳು.

ಉಪವಾಸ ಮುಗಿದಿತ್ತು. ಅವಳದು ಮುಗಿದಿರಲಿಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಬಯಾಪ್ಸಿಗೆ ಕಳಿಸಿದರು. "ಎಷ್ಟು ದಿನದಿಂದ ನುಂಗಲು ಕಷ್ಟ?" ಎಂದು ಡಾಕ್ಟರು ಕೇಳಿದಾಗ ನಾನೇ ಬಾಯಿ ಹಾಕಿದೆ. "ಕಷ್ಟ ಅಲ್ಲ ಡಾಕ್ಟ್ರೇ, ವ್ರತ." ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು.

"ನಾಲ್ಕು ತಿಂಗಳು" ಎಂದಳು ಮೊನಿಕಾ.

ಕ್ರಿಸ್‌ಮಸ್‌ನಿಂದ.

ಅನ್ನನಾಳದ ಕ್ಯಾನ್ಸರ್. ಆಪರೇಷನ್ನಿಗೆ ತಡವಾಗಿದೆ ಎಂದರು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅವಳನ್ನು ಕೇಳಿದೆ, ಯಾಕೆ ಹೇಳಲಿಲ್ಲ ಎಂದು.

"ಹೆದರಿಕೆ ಆಗಿತ್ತು. ಉಪವಾಸ ಬಂದದ್ದೇ ಒಳ್ಳೇದಾತು ಅಂದ್ಕಂಡೆ, ಯಾರೂ ಕೇಳೂದಿಲ್ಲ. ಈ ನೋವೂ ದೇವರಿಗೇ ಇರ್ಲಿ ಅಂತ ಕೊಟ್ಬಿಟ್ಟೆ. ಆಮೇಲೆ ಹೇಳ್ವ ಅಂದ್ರೆ, ನೀವು ಎಲ್ಲರೆದುರು ಅಷ್ಟು ಹೊಗಳ್ತಿದ್ರಿ."



ರೇಡಿಯೇಷನ್ ಕೊಟ್ಟರು. ಹೊಟ್ಟೆಗೆ ಟ್ಯೂಬ್ ಹಾಕಿ ಮನೆಗೆ ಕಳಿಸಿದರು. ಬಾಯಿಂದ ಏನೂ ಕೊಡಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ ಎಂದರು. ಅಂಗಡಿಯ ಮಲ್‌ಮಲ್ ಬಟ್ಟೆಯಲ್ಲಿ ರಾಗಿ ಗಂಜಿ ಸೋಸಿ ಎರಡು ತಾಸಿಗೊಮ್ಮೆ ಟ್ಯೂಬಿನಲ್ಲಿ ಬಿಡುವುದನ್ನು ಕಲಿತೆ. ಸಂಜೆಯ ಜಪಸರ ಬಿಟ್ಟೆ, ಭಾನುವಾರದ ಪೂಜೆ ಬಿಟ್ಟೆ. ಈ ಸಲ ನಾಲ್ಕನೇ ದಿನ ಮತ್ತೆ ಹಿಡಿಯಲಿಲ್ಲ. ಜಪಸರವನ್ನು ರೀಟಾ ಒಬ್ಬಳೇ ಅಮ್ಮನ ಮಂಚದ ಹತ್ತಿರ ಕೂತು ಹೇಳುತ್ತಿದ್ದಳು.

ತಿಂಗಳ ಮೊದಲ ಶುಕ್ರವಾರ ನಮ್ಮ ಫಾದರ್ ರೋಗಿಗಳ ಮನೆಗೆ ಪರಮಪ್ರಸಾದ ತರುತ್ತಾರೆ, ಯೇಸುವಿನ ಶರೀರವೆಂದು ನಾವು ನಾಲಿಗೆಯ ಮೇಲೆ ಪಡೆಯುವ ಗೋದಿಯ ತೆಳು ಬಿಲ್ಲೆ. ಮೊನಿಕಾ ಬೇಕೆಂದಳು. ನಾನು ಬೇಡವೆಂದು ಅಡ್ಡ ನಿಂತೆ. ಮುಂದಿನ ತಿಂಗಳೂ ಹಾಗೆಯೇ.

"ಡಾಕ್ಟ್ರು ಬೇಡ ಅಂದಿದ್ದಾರೆ. ಉಸಿರು ಕಟ್ಟಿದ್ರೆ ಎಂತ ಮಾಡ್ತೆ?"

"ಹೊಟ್ಟೆಗೆ ಟ್ಯೂಬ್ ಅದೆ" ಎಂದಳು ಒಡೆದ ದನಿಯಲ್ಲಿ. "ಇದು ಬಾಯಿಗೇ ಬೇಕು."

ನನಗೆ ಹೆದರಿಕೆ ಇದ್ದದ್ದು ನಿಜ. ಆದರೆ ಡಾಕ್ಟರ ಮಾತಿನ ಹಿಂದೆ ನನ್ನ ಸಿಟ್ಟೂ ಅಡಗಿ ಕೂತಿತ್ತು. ಒಂದು ತುತ್ತು ಅನ್ನಕ್ಕೂ ಅವಳ ಬಾಯಿ ಮುಚ್ಚಿದ ದೇವರಿಗೆ ಆ ಬಾಯಲ್ಲಿ ಜಾಗ ಯಾಕೆ ಕೊಡಬೇಕು? ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಒಂದು ಭಾನುವಾರ ರೀಟಾ ಪೂಜೆಗೆ ಹೋಗಿದ್ದಳು. ನಾನು ಮಷೀನಿನ ಮುಂದೆ ಕೂತಿದ್ದೆ, ಬಾಗಿಲಿನಿಂದ ಮಂಚ ಕಾಣುತ್ತಿತ್ತು. ಇಗರ್ಜಿಯ ಗಂಟೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮೊನಿಕಾ ಕಣ್ಣು ಮುಚ್ಚಿ, ಬಾಯಿ ತೆರೆದು, ನಾಲಿಗೆಯನ್ನು ತುಸುವೇ ಮುಂದೆ ಚಾಚಿದಳು. ಹಾಗೇ ಕಾದಳು. ಆಮೇಲೆ ಬಾಯಿ ಮುಚ್ಚಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ಯಾರೂ ಏನೂ ಇಟ್ಟಿರಲಿಲ್ಲ.

ರೀಟಾ ಬಂದ ಕೂಡಲೇ ಚಪ್ಪಲಿ ಮೆಟ್ಟಿ ಊರಿನ ಡಾಕ್ಟರ ಮನೆಗೆ ಹೋದೆ. "ಫಾದರ್ ಸಾಸಿವೆ ಕಾಳಿನಷ್ಟು ಕೊಡ್ಲಿ. ಎರಡು ಹನಿ ನೀರು. ಕೂರಿಸಿ ಕೊಡಿ" ಎಂದರು. ಅಲ್ಲಿಂದ ಫಾದರ್ ಹತ್ತಿರ ಓಡಿದೆ.

ಮೊನಿಕಾಳನ್ನು ನನ್ನ ಎದೆಗೆ ಒರಗಿಸಿಕೊಂಡು ಕೂತೆ. ಬೆನ್ನಿನ ಎಲುಬು ಒಂದೊಂದಾಗಿ ನನಗೆ ತಾಗುತ್ತಿತ್ತು. ಫಾದರ್ ಆ ಬಿಳಿ ಬಿಲ್ಲೆಯ ಅಂಚಿನಿಂದ ಒಂದು ಚೂರು ಮುರಿದು, ಚಮಚದ ನೀರಿನಲ್ಲಿ ನೆನೆಸಿ ಅವಳ ನಾಲಿಗೆಗೆ ಬಿಟ್ಟರು. ಅವಳು ಕೆಮ್ಮಿದಳು. ಮೈಯೆಲ್ಲ ಅಲುಗಿತು. ರೀಟಾ ಅಳತೊಡಗಿದಳು. ಕೆಮ್ಮು ನಿಂತಿತು. ಇಳಿಯಿತು ಎಂದು ಮೊನಿಕಾ ತಲೆಯಾಡಿಸಿದಳು.

ಫಾದರ್ ಕೈಯಲ್ಲಿ ಉಳಿದ ಬಿಲ್ಲೆ ಇತ್ತು. ಅದನ್ನು ನನ್ನತ್ತ ಹಿಡಿದರು.

"ನಾ ಪಾಪನಿವೇದನೆ ಮಾಡ್ಲಿಲ್ಲ ಫಾದರ್, ಹೆಂಗೆ ತಕಳ್ಲಿ? ದೇವರ ಮೇಲೆ ಸಿಟ್ಟಲ್ಲಿದ್ದೆ."

"ಸಿಟ್ಟನ್ನೂ ಅವನಿಗೇ ಹೇಳು. ಮನಸಲ್ಲಿ ತಪ್ಪಾತು ಅನ್ನು. ಶನಿವಾರ ಬಂದು ನಿವೇದನೆ ಮಾಡು."

ಮೊನಿಕಾ ತಿರುಗಲಾರಳು. ನನ್ನ ಮೊಣಕೈಯನ್ನು ಹಿಂದಿನಿಂದಲೇ ತಡವಿ ಹಿಡಿದಳು. ನಾನು ಬಾಯಿ ತೆರೆದೆ. ಅವಳು ಬಿಟ್ಟು ಉಳಿದದ್ದನ್ನು ನಾನು ನುಂಗಿದೆ. ಅತ್ತುಬಿಟ್ಟೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳಿಗೆ ಅಷ್ಟು ಹತ್ತಿರ ಎಂದೂ ಇರಲಿಲ್ಲ. ದೇವರಿಗೂ.

ಹನ್ನೊಂದು ದಿನದ ಮೇಲೆ ತೀರಿಕೊಂಡಳು. ಮಣ್ಣಿಗೆ ಹೋಗುವಾಗ ತೊಟ್ಟ ರವಿಕೆಯನ್ನು ಹೊಸದಾಗಿ ಅಳತೆ ತೆಗೆದು ನಾನೇ ಹೊಲಿದೆ.

ಈ ವರ್ಷದ ಬೂದಿ ಬುಧವಾರ ಮೊನ್ನೆ ಬಂತು. ಹಣೆಯ ಬೂದಿ ಒರೆಸದೆಯೇ ರೀಟಾ ಕೇಳಿದಳು, "ಪಪ್ಪಾ, ನಾ ಈ ಸಲ ಎಂತ ಬಿಡ್ಲಿ?"

"ಬೇಕಾದ್ದು ಬಿಡು. ಊಟ ಮಾತ್ರ ನನ್ನೆದುರು ಕೂತು ಮಾಡು."

ಸಂಜೆ ಈಗ ಜಪಸರ ನಾನೇ ಶುರು ಮಾಡುತ್ತೇನೆ. ಆಮೇಲೆ ಊಟ. ರೀಟಾ ಮೊದಲ ತುತ್ತು ಬಾಯಿಗಿಟ್ಟು ನುಂಗುವವರೆಗೆ ಅವಳ ಕೊರಳನ್ನೇ ನೋಡುತ್ತಿರುತ್ತೇನೆ.

"ಇಳೀತು ಪಪ್ಪಾ" ಎನ್ನುತ್ತಾಳೆ. ಆಗ ನಾನು ತಟ್ಟೆಗೆ ಕೈ ಹಾಕುತ್ತೇನೆ.