ಐದು ವಾಕ್ಯ, ಒಂದು ಪ್ರಶ್ನೆ

ಲೇಕ್ ಗಾರ್ಡನ್ಸ್ ಸ್ಟೇಷನ್ನಿಗೆ ಹತ್ತಿರವಿರುವ ನಮ್ಮ ಪಾಡಾದ, ಅಂದರೆ ನಮ್ಮ ಓಣಿಯ, ಕ್ಲಬ್ಬಿನ ಕೋಣೆಯಲ್ಲಿ ವಾರಕ್ಕೆ ಮೂರು ಮಧ್ಯಾಹ್ನ ನಾನು ಹೆಂಗಸರಿಗೆ ಇಂಗ್ಲಿಷ್ ಕಲಿಸುತ್ತೇನೆ. ಯಜಮಾನರಿಗೆ ಧಾರವಾಡದಿಂದ ಈ ಬಂಗಾಳಿ ಊರಿಗೆ ವರ್ಗವಾದ ಮೇಲೆ, ಮನೆಯಲ್ಲಿ ಗೋಡೆ ನೋಡುತ್ತ ಕೂರಲಾರದೆ ಶುರು ಮಾಡಿದ ಕೆಲಸ. ಹದಿನಾಲ್ಕು ಜನ ಬರುತ್ತಾರೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಅವರಿಗೆಲ್ಲ ಗೊತ್ತು, ಆದರೂ ಬರುತ್ತಾರೆ. ಕ್ಲಾಸು ಮುಗಿದ ಮೇಲೆ ಯಾರಾದರೂ ಮನೆಯ ಗೋಳು ತೋಡಿಕೊಂಡರೆ, ಹೊಂದಿಕೊಂಡು ಹೋಗಮ್ಮ ಎಂದು ಹೇಳಿ ಕಳಿಸುತ್ತಿದ್ದೆ.

ಭೂತಕಾಲ ಕಲಿಸಲು ನಾನೊಂದು ಪದ್ಧತಿ ಇಟ್ಟುಕೊಂಡಿದ್ದೆ. ಒಬ್ಬೊಬ್ಬರೇ ಎದ್ದು ನಿಂತು, ನಿನ್ನೆ ಏನು ಮಾಡಿದೆ ಎಂದು ಐದು ವಾಕ್ಯ ಹೇಳಬೇಕು. ಆಮೇಲೆ ನಾನು ಅದರ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ, ಅದಕ್ಕೆ ಉತ್ತರ ಕೊಟ್ಟೇ ಕೂರಬೇಕು. ಮೊದಲ ವಾರವೇ ತೊಡಕಾಯಿತು. ಹದಿನಾಲ್ಕು ಜನರ ನಿನ್ನೆಯೂ ಒಂದೇ: ಎದ್ದೆ, ಅಡುಗೆ ಮಾಡಿದೆ, ಪಾತ್ರೆ ತೊಳೆದೆ, ಮಲಗಿದೆ. ಇಷ್ಟರಲ್ಲಿ ಭಾಷೆ ಕಲಿಸುವುದು ಹೇಗೆ? ಬೇಸತ್ತು, ಸುಳ್ಳು ಹೇಳಿದರೂ ಪರವಾಗಿಲ್ಲ, ವಾಕ್ಯ ಸರಿಯಿದ್ದರೆ ಸಾಕು ಎಂದುಬಿಟ್ಟೆ. ಅಂದಿನಿಂದ ಕ್ಲಾಸಿಗೆ ಕಳೆ ಬಂತು. ಒಬ್ಬಾಕೆ ವಾರಕ್ಕೆರಡು ಸಲ ಡಾರ್ಜಿಲಿಂಗಿಗೆ ಹೋಗಿ ಬರತೊಡಗಿದಳು. ಇನ್ನೊಬ್ಬಾಕೆ ಅತ್ತೆಯ ಕೈಯಲ್ಲಿ ಚಹಾ ಮಾಡಿಸಿಕೊಂಡು ಕುಡಿದಳು.

ಮೂಲೆಯ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬಾಕೆಗೆ ಮಾತ್ರ ಸುಳ್ಳು ಹೇಳಲು ಬರುತ್ತಿರಲಿಲ್ಲ. ಟಾಲಿಗಂಜಿನ ಸಿನಿಮಾ ಸ್ಟುಡಿಯೋದವರಿಗೆ ಮನೆಯಲ್ಲೇ ಬಟ್ಟೆ ಹೊಲಿದುಕೊಡುವ ಹೆಂಗಸು. ಕಸ್ಬಾದ ಶಾಪಿಂಗ್ ಮಾಲ್‌ನ ಬಟ್ಟೆ ಅಂಗಡಿಯಲ್ಲಿ ಕೆಲಸ ಹಿಡಿಯಬೇಕೆಂದು ಆಕೆಯ ಆಸೆ. ಅಲ್ಲಿ ಇಂಟರ್‌ವ್ಯೂನಲ್ಲಿ, ಈ ಹಿಂದೆ ಏನೇನು ಮಾಡಿದ್ದೀರಿ ಎಂದು ಇಂಗ್ಲಿಷಿನಲ್ಲೇ ಕೇಳುತ್ತಾರಂತೆ. ಅದಕ್ಕೇ ನಾನು ಹೇಳಿದ್ದನ್ನೆಲ್ಲ ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದಳು. ಎದ್ದು ನಿಂತರೆ ಮಾತ್ರ, ನಿನ್ನೆ ಆರು ಗುಂಡಿ ಹಚ್ಚಿದೆ, ಒಂದು ತೋಳು ಬಿಚ್ಚಿದೆ, ಮತ್ತೆ ಹೊಲಿದೆ. ನೀನೂ ಒಂದು ಸುಳ್ಳು ಹೇಳಲು ಕಲಿ ಎಂದು ನಾನು ರೇಗಿಸುತ್ತಿದ್ದೆ.

ಹೋದ ವರ್ಷ ದುರ್ಗಾಪೂಜೆ ಹತ್ತಿರ ಬಂದಿದ್ದ ದಿನಗಳು. ಪೆಂಡಾಲಿನ ಬಿದಿರು ಇಡಲು ಕೋಣೆ ಬೇಕೆಂದು ಕ್ಲಬ್ಬಿನವರು ಬಾಗಿಲಲ್ಲೇ ನಿಂತಿದ್ದರು. ಇವತ್ತು ಪ್ರಶ್ನೆ ಬೇಡ, ಬರೀ ಐದು ವಾಕ್ಯ, ಬೇಗ ಬೇಗ ಎಂದೆ. ಮೂಲೆಯ ಬೆಂಚಿನಿಂದ ಆಕೆ ಎದ್ದು, ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದಳು: ನಿನ್ನೆ ನಾನು ಮನೆಗೆ ಬೀಗ ಹಾಕಿದೆ. ಬೀಗದ ಕೈಯನ್ನು ನಾದಿನಿಗೆ ಕೊಟ್ಟೆ. ಮಗಳನ್ನು ಕರೆದುಕೊಂಡು ಹೊರಟೆ. ಹೊಲಿಗೆ ಮಷಿನ್ನನ್ನು ಅಲ್ಲೇ ಬಿಟ್ಟೆ. ಮತ್ತೆ ಆ ಮನೆಗೆ ಹೋಗಲಿಲ್ಲ.

ಅಂತೂ ಸುಳ್ಳು ಹೇಳಲು ಕಲಿತೆ ಬಿಡು ಎಂದೆ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಆಕೆ ನಿಂತೇ ಇದ್ದಳು. ನಾನು ಕೂರು ಎಂದು ಕೈ ಮಾಡಿ ಮುಂದಿನವಳ ಕಡೆ ತಿರುಗಿದೆ.

ಹೊರಗೆ ಮೆಟ್ಟಿಲ ಮೇಲೆ ಶಾಲೆಯ ಯೂನಿಫಾರ್ಮಿನ ಹುಡುಗಿಯೊಬ್ಬಳು ದೊಡ್ಡ ಚೀಲವನ್ನು ತಬ್ಬಿಕೊಂಡು ಕೂತಿದ್ದಳು. ಬಿದಿರು ತಗುಲೀತು, ಆಚೆ ಸರಿ ಎಂದು ಅವಳಿಗೆ ಹೇಳಿ ನಾನು ಮನೆಗೆ ಬಂದೆ.

ಮುಂದಿನ ಕ್ಲಾಸಿಗೆ ಆಕೆ ಬರಲಿಲ್ಲ. ಆಕೆಯ ಪಕ್ಕದ ಮನೆಯವಳು ನಮ್ಮ ಕ್ಲಾಸಿನಲ್ಲೇ ಇದ್ದಳು, ಅವಳಿಂದ ವಿಷಯ ತಿಳಿಯಿತು. ಗಂಡ ವರ್ಷಗಟ್ಟಲೆ ಹೊಡೆಯುತ್ತಿದ್ದನಂತೆ. ಐದು ವಾಕ್ಯವೂ ನಿಜ. ನಿನ್ನೆ ಎಂದದ್ದೊಂದೇ ಸುಳ್ಳು, ಅದೆಲ್ಲ ನಡೆದದ್ದು ಅಂದು ಬೆಳಿಗ್ಗೆ. ನನ್ನ ಕ್ಲಾಸು ಮುಗಿಸಿಕೊಂಡು, ಮಗಳೊಂದಿಗೆ ಬಜ್‌ಬಜ್ ಲೋಕಲ್ ರೈಲು ಹತ್ತಿ ತಂಗಿಯ ಮನೆಗೆ ಹೋಗಿದ್ದಳು.

ಯಜಮಾನರ ಮುಂದೆ ಹೇಳಿಕೊಂಡೆ. ನನಗೆ ಒಂದು ಮಾತು ಹೇಳಬಾರದಿತ್ತೇ ಎಂದೆ. ಅವರು ಪೇಪರು ಮಡಚಿಟ್ಟರು.

"ಆಕಿ ಹೇಳ್ಯಾಳಲ್ಲ. ನೀ ಕೇಳಿಸ್ಕೊಂಡಿಲ್ಲ ಅಷ್ಟ."

ಅವರ ಮೇಲೆ ಹರಿಹಾಯ್ದೆ, ಆಮೇಲೆ ಅತ್ತುಬಿಟ್ಟೆ. ಆಕೆ ಬಂಗಾಳಿಯಲ್ಲಿ ಹೇಳಿದ್ದರೆ ಅದು ಸಂಜೆಯೊಳಗೆ ಪಾಡಾಕ್ಕೆಲ್ಲ ಹಬ್ಬುತ್ತಿತ್ತು. ಸುಳ್ಳಿಗೂ ಜಾಗವಿದ್ದ ನನ್ನ ಕ್ಲಾಸಿನಲ್ಲಿ ಮಾತ್ರ ಆಕೆಗೆ ಅದನ್ನು ಬಾಯಿಬಿಟ್ಟು ಹೇಳಲು ಸಾಧ್ಯವಿತ್ತು. ಎಂದೂ ಬಿಡದ ಪ್ರಶ್ನೆಯನ್ನು ನಾನು ಅಂದೇ ಬಿಟ್ಟಿದ್ದೆ. ಪೂಜೆಯ ಅಷ್ಟೂ ದಿನ ಪೆಂಡಾಲಿನ ಢಾಕ್ ಡೋಲಿನ ಸದ್ದು ಕೇಳಿದಾಗಲೆಲ್ಲ ಆಕೆ ನಿಂತಿದ್ದ ರೀತಿಯೇ ಕಣ್ಣಿಗೆ ಕಟ್ಟುತ್ತಿತ್ತು.

ಕಾಳಿಪೂಜೆಯೂ ಮುಗಿದ ಮೇಲೆ ಒಂದು ಮಧ್ಯಾಹ್ನ ಆಕೆ ಬಂದು ಅದೇ ಬೆಂಚಿನಲ್ಲಿ ಕೂತಳು. ಕಸ್ಬಾದ ಅಂಗಡಿಯಿಂದ ಕರೆ ಬಂದಿತ್ತು, ಸೋಮವಾರ ಇಂಟರ್‌ವ್ಯೂ. ಎಲ್ಲರೂ ಹೋದ ಮೇಲೆ ನನ್ನ ಹರಕುಮುರುಕು ಬಂಗಾಳಿಯಲ್ಲಿ ಕ್ಷಮೆ ಕೇಳಿದೆ. ಅವತ್ತು ಯಾಕೆ ಎಂದು ನಾನು ಕೇಳಬೇಕಿತ್ತು ಎಂದೆ. ಆಕೆ ಪುಸ್ತಕ ಚೀಲಕ್ಕೆ ಹಾಕಿಕೊಳ್ಳುತ್ತ ಹೇಳಿದ್ದು ಇಷ್ಟು:

"ಕೇಳದೆ ಇದ್ದದ್ದೇ ಒಳ್ಳೇದಾಯ್ತು ದಿದಿ. ಕೇಳಿದ್ದರೆ ಅತ್ತುಬಿಡ್ತಿದ್ದೆ. ಅತ್ತಿದ್ದರೆ ನೀವೆಲ್ಲ ಸೇರಿ ಸಮಾಧಾನ ಮಾಡಿ ನನ್ನನ್ನ ಮತ್ತೆ ಆ ಮನೆಗೇ ಕಳಿಸ್ತಿದ್ರಿ."

ಇಲ್ಲ ಎನ್ನಲು ಬಾಯಿ ತೆರೆದೆ. ಹೊಂದಿಕೊಂಡು ಹೋಗಮ್ಮ ಎಂದು ಎಲ್ಲರಿಗಿಂತ ಮೊದಲು ಹೇಳುತ್ತಿದ್ದವಳು ನಾನೇ.