ಅತ್ತೆಯ ಹತ್ತೊಂಬತ್ತು ಒಂದುಗಳು

ಮೊನ್ನೆ ಕಂಪ್ಯೂಟರಿನಲ್ಲಿ ಒಂದರ ಕೀಲಿ ಅಂಟಿಕೊಂಡು ಪರದೆಯ ಉದ್ದಕ್ಕೂ ಒಂದರ ಸಾಲು ಹರಿಯಿತು. ನೀವಾಗಿದ್ದರೆ ಬೈದುಕೊಂಡು ಅಳಿಸುತ್ತಿದ್ದಿರಿ. ನನಗೆ ತಮಿಳು ಸೀಮೆಯ ಮಾರ್ಕಯನ್‌ಕೋಟ್ಟೈಯ ರಂಗಮ್ಮತ್ತೆ ನೆನಪಾದಳು.

ಆಕೆ ನಮ್ಮಪ್ಪನ ಅಕ್ಕ. ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು. ಬಾಳೆತೋಟಕ್ಕೆ ನೀರು ತಿರುಗಿಸಿ, ಅದು ಹರಿದು ಮುಗಿಯುವವರೆಗೆ ಬದುವಿನ ಮೇಲೆ ಕೂತು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಭಾಗಾಕಾರ ಮಾಡುತ್ತಿದ್ದಳು. ಬರೀ ಒಂದುಗಳಿರುವ ಸಂಖ್ಯೆಗಳೇ ಆಕೆಗೆ ಬೇಕು. ಐದು ಒಂದುಗಳದ್ದು ನಲವತ್ತೊಂದರಿಂದ ಶೇಷವಿಲ್ಲದೆ ಭಾಗವಾಗುತ್ತದೆ, ಏಳು ಒಂದುಗಳದ್ದು ಇನ್ನೂರ ಮೂವತ್ತೊಂಬತ್ತರಿಂದ. ಇದನ್ನೆಲ್ಲ ಯಾರೂ ಹೇಳಿಕೊಟ್ಟದ್ದಲ್ಲ. ಹಾಳೆಯ ಅಗಲಕ್ಕೆ ಹತ್ತೊಂಬತ್ತು ಒಂದುಗಳು ಹಿಡಿಸುತ್ತಿದ್ದವು, ಹಾಗಾಗಿ ಆ ಸಂಖ್ಯೆಯ ಬೆನ್ನು ಹತ್ತಿದಳು. ವರ್ಷಗಳು ಹೋದರೂ ಅದು ಯಾವುದಕ್ಕೂ ಬಗ್ಗಲಿಲ್ಲ.

ರಜೆಗೆ ಹೋದಾಗ ಆ ಭಾಗಾಕಾರದಲ್ಲಿ ನನಗೂ ಪಾಲು ಸಿಗುತ್ತಿತ್ತು. ಒಮ್ಮೆ ಬೇಸತ್ತು, ಏಳುನೂರ ಒಂದಕ್ಕೆ ಸರಿಹೋಯಿತು ಎಂದು ಹೇಳಿ ಆಡಲು ಓಡಿದೆ. ಆಕೆ ನಂಬಿ, ಪಕ್ಕದ ಬೀದಿಯ ಟೀಚರಮ್ಮನಿಗೆ ಹೇಳಲು ಹೋದಳಂತೆ. ಅವರು ಭಾಗಿಸಿ ಶೇಷ ತೋರಿಸಿದರು. ಅತ್ತೆ ಬೈಯಲಿಲ್ಲ.

"ಕಾಣ್ದಿದ್ರೆ ಕಾಣ್ಲಿಲ್ಲ ಅನ್ನು ಮಗಾ. ಕಣಕ್ಕಿನಲ್ಲಿ ಪೊಯ್ ಹೇಳ್ಬೇಡ" ಎಂದಳು. ಆ ಕಡೆಯ ತಮಿಳು ಬೆರೆತ ಮಾತು; ಕಣಕ್ಕು ಎಂದರೆ ಲೆಕ್ಕ, ಪೊಯ್ ಎಂದರೆ ಸುಳ್ಳು.

ಕಾಲೇಜಿಗೆ ಬಂದ ಮೇಲೆ ತಿಳಿಯಿತು: ಆ ಹತ್ತೊಂಬತ್ತು ಒಂದುಗಳದ್ದು ಅವಿಭಾಜ್ಯ ಸಂಖ್ಯೆ. ಒಂದು ಮತ್ತು ತನ್ನನ್ನು ಬಿಟ್ಟರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದು. ಅಷ್ಟು ವರ್ಷದ ದುಡಿಮೆ ನೀರುಪಾಲಾಯಿತು ಎಂದು ಆಕೆಗೆ ಹೇಗೆ ಹೇಳುವುದು? ಆದರೂ ಹೋಗಿ ಹೇಳಿದೆ. ಯಾರು ಹೇಳಿದ್ದು ಎಂದು ಕೇಳಿದಳು. ಕಂಪ್ಯೂಟರ್ ಎಂದೆ.

"ಅವತ್ತು ನೀ ಹೇಳ್ದೆ, ಇವತ್ತು ಮಿಷಿನ್ ಹೇಳ್ತದೆ. ಕಾರಣ ಯಾರ್ ಹೇಳ್ತಾರೆ?"

ಹಿಂತಿರುಗಿ ಕಾರಣ ಹುಡುಕಿದೆ. ಎರಡು ತಿಂಗಳು ಪುಸ್ತಕ ತಿರುವಿದೆ. ಪೂರ್ತಿ ಕಾರಣ ನನ್ನ ತಲೆಗೆ ಹತ್ತಲಿಲ್ಲ, ಅರ್ಧ ಹತ್ತಿತು. ಆ ಸಂಖ್ಯೆಗೆ ಅವಿಭಾಜ್ಯ ಭಾಜಕವೊಂದು ಇದ್ದಿದ್ದರೆ, ಅದನ್ನು ಹತ್ತೊಂಬತ್ತರ ಎರಡರಷ್ಟಾದ ಮೂವತ್ತೆಂಟರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕಿತ್ತು. ಅತ್ತೆ ಇದನ್ನೂ ಸುಮ್ಮನೆ ಒಪ್ಪಲಿಲ್ಲ, ತನ್ನ ಹಳೆಯ ಲೆಕ್ಕಗಳಿಗೆ ಹಚ್ಚಿ ನೋಡಿದಳು. ಐದರ ಎರಡರಷ್ಟು ಹತ್ತು, ಅದರಿಂದ ನಲವತ್ತೊಂದನ್ನು ಭಾಗಿಸಿದರೆ ಒಂದು ಉಳಿಯಿತು. ಏಳರ ಎರಡರಷ್ಟು ಹದಿನಾಲ್ಕು, ಇನ್ನೂರ ಮೂವತ್ತೊಂಬತ್ತರಲ್ಲೂ ಒಂದೇ ಉಳಿಯಿತು. ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಒಂದೊಂದಾಗಿ ತಿರುವಿದಳು. ತಾನು ಮಾಡಿದ ಭಾಗಾಕಾರಗಳಲ್ಲಿ ಬಹುಪಾಲು ಬೇಕಿರಲೇ ಇಲ್ಲ ಎಂಬುದು ಆಕೆಗೆ ನನಗಿಂತ ಮೊದಲು ಹೊಳೆದಿರಬೇಕು.

"ಹಂಗಾದ್ರೆ ಇನ್ನು ಬೇಗ ಆಗ್ತದೆ" ಎಂದವಳೇ ಹೊಸ ಹಾಳೆ ತೆಗೆದು, ಹಾಗೆ ಒಂದು ಉಳಿಸುವ ಮೊದಲ ಅವಿಭಾಜ್ಯವಾದ ನೂರ ತೊಂಬತ್ತೊಂದರಿಂದ ಶುರುಮಾಡಿದಳು. ಆಗದು ಎಂದು ಗೊತ್ತಿದ್ದೂ ಮಾಡುವವಳನ್ನು ಕಂಡು ಆಗ ನಾನು ಒಳಗೊಳಗೇ ನಕ್ಕಿದ್ದೆ.

ಮೊನ್ನೆ ಫೋನ್ ಮಾಡಿದೆ. ಕಣ್ಣಿನ ಆಪರೇಷನ್ ಆಗಿ ಲೆಕ್ಕ ನಿಂತಿದೆಯಂತೆ, ಆರು ಸಾವಿರದ ನಲವತ್ತಮೂರರ ಸರದಿಯಂತೆ. ನಾನು ಕಾಗದದ ಮೇಲೆ ಮಾಡುತ್ತೇನೆ ಎಂದೆ. ಮೂರು ಸಾವಿರದ ಐನೂರ ಆರು ಉಳಿಯಿತು. ಅತ್ತೆ ಬಾಯಲ್ಲೇ ಮಾಡಿ, ಕೊನೆಗೆ ಆರಲ್ಲ, ಏಳು ಎಂದಳು. ಕಂಪ್ಯೂಟರ್ ಎದುರಿಗೇ ಇತ್ತು. ಅದನ್ನು ಕೇಳದೆ ಮೊದಲಿನಿಂದ ಮತ್ತೆ ಭಾಗಿಸಿದೆ.

"ತಪ್ಪು ನನ್ದೇ ಅತ್ತೆ."

"ಸರಿ. ಮುಂದಿಂದು ಬರ್ಕೋ" ಎಂದಳು.